ನಕ್ಕಾಗ ಬಾಯಿ ವಾರೆಯಾದರೆ

1953ರ ಜೂನ್ 23ರ ರಾತ್ರಿ ಲಂಡನ್ನಿನ ಡೌನಿಂಗ್ ಸ್ಟ್ರೀಟಿನಲ್ಲಿ ಇಟಲಿಯ ಪ್ರಧಾನಿ ದೆ ಗಾಸ್ಪೆರಿಯವರಿಗೆ ಔತಣ. ಊಟ ಹಾಕಿಸಿದ ವಿನ್‌ಸ್ಟನ್ ಚರ್ಚಿಲ್‌ಗೆ ಆಗ 78 ವರ್ಷ. ರೋಮನ್ನರು ಬ್ರಿಟನ್ನಿಗೆ ಬಂದ ಕಥೆಯನ್ನೆತ್ತಿಕೊಂಡು ಅವರು ಚುಟುಕಾಗಿ, ಚೊಕ್ಕವಾಗಿ ಭಾಷಣವನ್ನೂ ಮಾಡಿದರು. ಅತಿಥಿಗಳು ಹೊರಡುವ ಹೊತ್ತಿಗೆ ಮಾತ್ರ ಅವರಿಗೆ ಕುರ್ಚಿಯಿಂದ ಏಳಲಾಗಲಿಲ್ಲ, ಮಾತು ತೊದಲತೊಡಗಿತು. ನೋಡಿದವರು ಯಜಮಾನರು ಇವತ್ತು ಕೊಂಚ ಹೆಚ್ಚೇ ಏರಿಸಿದ್ದಾರೆ ಎಂದುಕೊಂಡರು. ಚರ್ಚಿಲ್‌ರ ಮದ್ಯಪ್ರೀತಿ ಜಗತ್ತಿಗೇ ಗೊತ್ತಿದ್ದುದರಿಂದ ಬೇರೆ ಕಾರಣ ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಅವರ ವೈದ್ಯ ಲಾರ್ಡ್ ಮೋರನ್ ಬಂದು ನೋಡಿದರೆ ಬಾಯಿಯ ಎಡಗಡೆ ಜೋತುಬಿದ್ದಿತ್ತು. ಅಂಥ ಸ್ಥಿತಿಯಲ್ಲೇ ಚರ್ಚಿಲ್ ಅಂದು ಸಂಪುಟ ಸಭೆಯನ್ನೂ ನಡೆಸಿದರು. ಸುತ್ತ ಕೂತಿದ್ದ ಸಚಿವರಲ್ಲಿ ಹೆಚ್ಚಿನವರಿಗೆ ಅನುಮಾನವೇ ಬರಲಿಲ್ಲ. ಯಾಕೋ ಇವತ್ತು ಇವರ ಮಾತು ಕಡಿಮೆ ಎನ್ನಿಸಿತ್ತು, ಅಷ್ಟೆ.

ಅದು ಲಕ್ವ. ಔತಣದ ಮೇಜಿನಲ್ಲೇ ಯಾರಾದರೂ ಗುರುತಿಸಿದ್ದರೂ 1953ರಲ್ಲಿ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು, ಕಾಯುವುದು ಇವೆರಡೇ ಚಿಕಿತ್ಸೆ. ಈಗ ಹಾಗಿಲ್ಲ. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಔಷಧ ಕೆಲಸ ಮಾಡುತ್ತದೆಂದು 1995ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿಕೊಟ್ಟಿತು. ಮೊದಲು ಮೂರು ಗಂಟೆಯಿದ್ದ ಅದರ ಗಡುವು 2008ರ ಯುರೋಪಿನ ಅಧ್ಯಯನದ ನಂತರ ನಾಲ್ಕೂವರೆ ಗಂಟೆಗೆ ಏರಿತು. 2015ರಲ್ಲಿ ಸಾಲುಸಾಲಾಗಿ ಬಂದ ಅಧ್ಯಯನಗಳು ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಮೆದುಳಿನವರೆಗೆ ಹೋಗಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವನ್ನು ಗಟ್ಟಿ ಮಾಡಿದವು. ಔಷಧ ಇದೆ, ಯಂತ್ರವಿದೆ, ಪಳಗಿದ ವೈದ್ಯರೂ ಇದ್ದಾರೆ. ಆದರೂ ಎಷ್ಟೋ ರೋಗಿಗಳು ಗಡುವು ಮೀರಿದ ಮೇಲೆ ಬರುತ್ತಾರೆ. ದೂರ, ದುಡ್ಡು, ವಾಹನ ಇವೆಲ್ಲ ಕಾರಣ ಹೌದು. ಅದಕ್ಕೂ ಮೊದಲಿನ ಕಾರಣವೆಂದರೆ, ಪಕ್ಕದಲ್ಲಿದ್ದವರಿಗೆ ಅದು ಏನೆಂದೇ ಹೊಳೆಯದಿರುವುದು.

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್, ಹೆಸರು ಯಾವುದಾದರೂ ಆಗುವುದು ಮೆದುಳಿನಲ್ಲಿ. ಕೈಕಾಲಿನ ನರ ಹಿಡಿದುಕೊಂಡಿದೆ ಎನ್ನುವವರು ಈಗಲೂ ಇದ್ದಾರೆ. ಕೈಯ ನರಕ್ಕೆ ಏನೂ ಆಗಿರುವುದಿಲ್ಲ, ಅದಕ್ಕೆ ಅಪ್ಪಣೆ ಕೊಡುವ ಜಾಗಕ್ಕೆ ರಕ್ತ ನಿಂತಿರುತ್ತದೆ. ದೇಹದ ತೂಕದಲ್ಲಿ ಮೆದುಳಿನದು ಶೇಕಡ 2ರಷ್ಟು, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಅಭ್ಯಾಸವಂತೂ ಅದಕ್ಕಿಲ್ಲ. ಕಾಲುವೆಗೆ ಕಸ ಕಟ್ಟಿಕೊಂಡಾಗ ತುದಿಯ ಗದ್ದೆ ಮೊದಲು ಒಣಗುತ್ತದೆ, ಅಕ್ಕಪಕ್ಕದ ಗದ್ದೆಗಳು ಸಣ್ಣಪುಟ್ಟ ತೋಡುಗಳ ಜಿನುಗಿನಲ್ಲಿ ಇನ್ನಷ್ಟು ಹೊತ್ತು ತಾಳುತ್ತವೆ. ಮೆದುಳಿನಲ್ಲೂ ಹೀಗೆಯೇ. ಹೆಪ್ಪು ಕಟ್ಟಿದ ಕೂಡಲೇ ನಡುವಿನ ಭಾಗ ಸಾಯುತ್ತದೆ; ಅದರ ಸುತ್ತಲಿನ ಭಾಗ ಕೆಲಸ ನಿಲ್ಲಿಸಿ, ಜೀವ ಹಿಡಿದುಕೊಂಡು ಕಾದಿರುತ್ತದೆ. ಆಸ್ಪತ್ರೆಯವರು ಉಳಿಸಲು ಹೋರಾಡುವುದು ಆ ಕಾದಿರುವ ಭಾಗಕ್ಕಾಗಿ. ದೊಡ್ಡ ರಕ್ತನಾಳ ಕಟ್ಟಿಕೊಂಡು ಚಿಕಿತ್ಸೆಯೇ ಸಿಗದಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು.

ಹೆಚ್ಚಿನ ಲಕ್ವಗಳು ಹೀಗೆ ರಕ್ತನಾಳ ಕಟ್ಟಿಕೊಂಡು ಆಗುವಂಥವು. ಉಳಿದವುಗಳಲ್ಲಿ ರಕ್ತನಾಳ ಒಡೆದು ಮೆದುಳಿನೊಳಗೆ ಅಥವಾ ಅದರ ಸುತ್ತ ರಕ್ತ ಹರಿಯುತ್ತದೆ. ಇಷ್ಟೆಲ್ಲ ಒಳಗೆ ನಡೆಯುತ್ತಿದ್ದರೂ ಕಟ್ಟಿಕೊಳ್ಳುವ ಬಗೆಯಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಎದೆ ಹಿಡಿದುಕೊಂಡು ಬೆವರಿದವನನ್ನು ಕಂಡರೆ ಓಣಿಗೆ ಓಣಿಯೇ ಓಡಿಬರುತ್ತದೆ. ಕೈಯಿಂದ ಲೋಟ ಜಾರಿಬಿದ್ದವನನ್ನು ಕಂಡು ಯಾರೂ ಓಡುವುದಿಲ್ಲ. ನೋವಿದ್ದರೆ ಆತುರ, ಇಲ್ಲದಿದ್ದರೆ ನಾಳೆ ನೋಡೋಣ: ನಮ್ಮೆಲ್ಲರ ಮನಸ್ಸು ಪಳಗಿರುವುದು ಹೀಗೆ. ಲಕ್ವದ ಮುಂದೆ ಈ ಪಳಗಿಕೆಯೇ ತೊಡರು.

ಹಾಗಾದರೆ ರೋಗಿಯೇ ಹೇಳಿಕೊಳ್ಳಬಹುದಲ್ಲ? ಜಿಲ್ ಬೋಲ್ಟ್ ಟೇಲರ್ ಮೆದುಳಿನ ರಚನೆಯನ್ನೇ ಓದಿದ ಅಮೆರಿಕದ ವಿಜ್ಞಾನಿ. 1996ರ ಡಿಸೆಂಬರ್ 10ರ ಬೆಳಿಗ್ಗೆ, ತಮ್ಮ 37ನೇ ವಯಸ್ಸಿನಲ್ಲಿ, ಎಡಗಣ್ಣಿನ ಹಿಂದೆ ಚುಚ್ಚುವ ನೋವಿನೊಂದಿಗೆ ಎಚ್ಚರಗೊಂಡರು. ಹುಟ್ಟಿನಿಂದ ದೋಷವಿದ್ದ ರಕ್ತನಾಳವೊಂದು ಮೆದುಳಿನ ಎಡಭಾಗದಲ್ಲಿ ಒಡೆದಿತ್ತು. ಮನೆಯಲ್ಲಿ ಒಬ್ಬರೇ. ಬಲಗೈ ಸೋತಾಗ ಇದು ಸ್ಟ್ರೋಕ್ ಎಂದು ಅವರಿಗೆ ಹೊಳೆಯಿತೇನೋ ನಿಜ, ಆದರೆ ಹೊಳೆದದ್ದನ್ನು ಯಾರಿಗಾದರೂ ಮುಟ್ಟಿಸುವ ಶಕ್ತಿ ಆಗಲೇ ಸೋರಿಹೋಗುತ್ತಿತ್ತು. ಕೆಲಸದ ಜಾಗದ ಫೋನ್ ನಂಬರು ಹುಡುಕಲು ಚೀಟಿಗಳ ರಾಶಿ ಕೆದಕಿದರು. ಅಂಕಿಗಳು ಅಂಕಿಗಳಂತೆ ಕಾಣುತ್ತಿರಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಫೋನ್ ತಾಗಿದಾಗ ಸಹೋದ್ಯೋಗಿಯ ಮಾತು ಅವರಿಗೆ ನಾಯಿ ಬೊಗಳಿದ ಹಾಗೆ ಕೇಳಿಸಿತು, ಉತ್ತರವಾಗಿ ಅವರ ಬಾಯಿಂದ ಹೊರಟ ಸದ್ದೂ ಹಾಗೆಯೇ ಇತ್ತು. ಆ ಸದ್ದು ಕೇಳಿ ಏನೋ ಸರಿಯಿಲ್ಲ ಎಂದು ಅರ್ಥ ಮಾಡಿಕೊಂಡ ಆ ಸಹೋದ್ಯೋಗಿಯಿಂದಲೇ ಅವರು ಉಳಿದದ್ದು.

ಟೇಲರ್‌ಗೆ ಗೊತ್ತಾಗಿಯೂ ಹೇಳಲಾಗಲಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯುತ್ತದೆ: ಎಡಗೈ ಎಡಗಾಲು ಸತ್ತಂತಿದ್ದರೂ ತಮಗೇನೂ ಆಗಿಲ್ಲವೆಂದು ಅವರು ಪ್ರಾಮಾಣಿಕವಾಗಿ ನಂಬುತ್ತಾರೆ. 1914ರಲ್ಲಿ ಪ್ಯಾರಿಸ್ಸಿನ ನರವೈದ್ಯ ಜೋಸೆಫ್ ಬಬಿನ್‌ಸ್ಕಿ ಇದಕ್ಕೊಂದು ಹೆಸರು ಕೊಟ್ಟರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಇದರ ದೊಡ್ಡ ಉದಾಹರಣೆ. 1974ರ ಡಿಸೆಂಬರ್ 31ರಂದು ಅವರಿಗೆ ಲಕ್ವ ಹೊಡೆಯಿತು. ಗಾಲಿಕುರ್ಚಿಯಲ್ಲಿ ಕೂತೇ ತಾನು ಚೆನ್ನಾಗಿದ್ದೇನೆಂದು ವಾದಿಸಿದರು. ಸೋತ ಕಾಲಿನ ಬಗ್ಗೆ ಕೇಳಿದರೆ, ಅದೇ ಕಾಲಿನಲ್ಲಿ ಚೆಂಡನ್ನು 40 ಗಜ ದೂರ ಒದೆಯುತ್ತಿದ್ದೇನೆ ಎಂದರು, ವರದಿಗಾರರನ್ನು ಬೆಟ್ಟದ ನಡಿಗೆಗೆ ಕರೆದರು. 1975ರ ನವೆಂಬರಿನಲ್ಲಿ ಅವರು ಹುದ್ದೆ ಬಿಡುವ ಹೊತ್ತಿಗೆ ಹತ್ತಿರ ಹತ್ತಿರ ವರ್ಷವೇ ಕಳೆದಿತ್ತು.

ಆದ್ದರಿಂದ ‘ನಂಗೇನೂ ಆಗಿಲ್ಲ, ಸುಮ್ನೆ ಗಾಬರಿ ಮಾಡ್ಬೇಡಿ’ ಎಂಬ ಅಪ್ಪನ ಮಾತನ್ನು ಬೇರೆಲ್ಲ ದಿನ ನಂಬಬಹುದು, ಆ ದಿನ ನಂಬುವಂತಿಲ್ಲ. ರೋಗವೇ ಅವರ ಬಾಯಿಂದ ಹಾಗೆ ಹೇಳಿಸುತ್ತಿರಬಹುದು.

ಗುರುತಿಸುವುದಕ್ಕೆ ವೈದ್ಯರೇ ಆಗಬೇಕಿಲ್ಲ ಎಂಬುದು 1990ರ ದಶಕದಲ್ಲಿ ಸಾಬೀತಾಯಿತು. ಆಸ್ಪತ್ರೆಯಲ್ಲಿ ನರವೈದ್ಯರು ಮಾಡುವ ಉದ್ದನೆಯ ಪರೀಕ್ಷೆಯನ್ನು ಅಮೆರಿಕದ ಸಿನ್ಸಿನಾಟಿಯ ವೈದ್ಯರು ಸೋಸಿ ಸೋಸಿ ಮೂರೇ ಅಂಶಗಳಿಗೆ ಇಳಿಸಿದರು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1998ರಲ್ಲಿ ಆಂಬುಲೆನ್ಸ್ ಸಿಬ್ಬಂದಿಗಾಗಿ ರೂಪಿಸಿದ ಇಂಥದೇ ಪರೀಕ್ಷೆ ‘ಫಾಸ್ಟ್’ ಎಂಬ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿದೆ. ಮುಖ, ತೋಳು, ಮಾತು, ಸಮಯ ಎಂಬ ನಾಲ್ಕು ಪದಗಳ ಇಂಗ್ಲಿಷ್ ಮೊದಲಕ್ಷರಗಳು ಕೂಡಿದ ಹೆಸರು ಅದು. ಬ್ರಿಟನ್ ಸರ್ಕಾರ 2009ರಲ್ಲಿ ಇದನ್ನು ಟಿವಿ ಜಾಹೀರಾತು ಮಾಡಿ ಮನೆಮನೆಗೆ ಕಳಿಸಿತು. ತಲೆಯೊಳಗೆ ಬೆಂಕಿ ಹಬ್ಬುವ ಆ ದೃಶ್ಯ ನೋಡಿದವರು ಮರೆಯುವಂಥದ್ದಲ್ಲ.

ಮೊದಲು ಮುಖ. ‘ಅಮ್ಮಾ, ಹಲ್ಲು ಕಾಣೋ ಹಾಗೆ ಸ್ವಲ್ಪ ನಗಿ’ ಎನ್ನಬೇಕು. ಸುಮ್ಮನಿದ್ದಾಗ ಸರಿಯಾಗೇ ಕಾಣುವ ಮುಖ ನಗುವಾಗ ಗುಟ್ಟು ಬಿಟ್ಟುಕೊಡುತ್ತದೆ: ಒಂದು ಬದಿಯ ತುಟಿ ಮೇಲೇಳುತ್ತದೆ, ಇನ್ನೊಂದು ಅಲ್ಲೇ ಉಳಿಯುತ್ತದೆ. ಕುಡಿದ ಕಾಫಿ ಒಂದು ಕಟವಾಯಿಯಿಂದ ಸುರಿಯುವುದೂ ಇದೇ ಕಥೆ. ಆಮೇಲೆ ತೋಳು. ಎರಡೂ ಕೈಗಳನ್ನು ಅಂಗೈ ಮೇಲಾಗಿ ಮುಂದಕ್ಕೆ ಚಾಚಿಸಿ, ಕಣ್ಣು ಮುಚ್ಚಿಸಿ, ಹತ್ತರವರೆಗೆ ಎಣಿಸಬೇಕು. ಒಂದು ಕೈ ಏಳದೇ ಇರಬಹುದು, ಎದ್ದರೂ ಮೆಲ್ಲನೆ ಕೆಳಗಿಳಿಯಬಹುದು, ಅಂಗೈ ಒಳಕ್ಕೆ ಮಗುಚಬಹುದು. ಕಣ್ಣು ಮುಚ್ಚಿಸುವುದು ಯಾಕೆಂದರೆ, ಕಣ್ಣು ತೆರೆದಿದ್ದರೆ ಇಳಿಯುವ ಕೈಯನ್ನು ಅವರೇ ನೋಡಿ ಸರಿಮಾಡಿಕೊಳ್ಳುತ್ತಾರೆ.

ಮೂರನೆಯದು ಮಾತು, ಇದರಲ್ಲಿ ಕೊಂಚ ಸೂಕ್ಷ್ಮ ಬೇಕು. ನಾಲಿಗೆ ದಪ್ಪಗಾದಂತೆ ತೊದಲುವುದು ಒಂದು ಬಗೆ, ಅದು ಯಾರಿಗೂ ತಿಳಿಯುತ್ತದೆ. ಉಚ್ಚಾರ ಸ್ಪಷ್ಟವಾಗೇ ಇದ್ದು ಪದಗಳು ಅದಲುಬದಲಾಗುವುದು ಇನ್ನೊಂದು: ನೀರು ಕೇಳಬೇಕಾದವರು ‘ಬಾಗಿಲು ಕೊಡು’ ಎನ್ನುತ್ತಾರೆ. ಕೇಳಿದ್ದು ಅರ್ಥವಾಗದೆ ಸುಮ್ಮನೆ ಮುಖ ನೋಡುವುದು ಮೂರನೆಯದು. ಇದನ್ನು ಮನೆಯವರು ಕಿವುಡು, ಮರೆವು, ಹಟ ಎಂದು ತಳ್ಳಿಹಾಕುತ್ತಾರೆ. ಎಲ್ಲರಿಗೂ ಬಾಯಿಪಾಠವಿರುವ ಒಂದು ವಾಕ್ಯ ಹೇಳಿಸುವುದು ಒಳ್ಳೆಯದು. ‘ಕೈ ಕೆಸರಾದರೆ ಬಾಯಿ ಮೊಸರು’ ಈ ಕೆಲಸಕ್ಕೆ ಹೇಳಿ ಮಾಡಿಸಿದ ಗಾದೆ. ಅದರ ‘ಸ’ಕಾರ ‘ರ’ಕಾರಗಳು ಸೋತ ನಾಲಿಗೆಗೆ ಸುಲಭವಾಗಿ ಸಿಗುವುದಿಲ್ಲ.

ಈ ಮೂರರಲ್ಲಿ ಒಂದೇ ಒಂದು, ಅದೂ ಇದ್ದಕ್ಕಿದ್ದಂತೆ, ಕಂಡರೆ ಸಾಕು. ಮೂರೂ ಕೂಡಿಬರಲೆಂದು ಕಾಯುವಂತಿಲ್ಲ.

ಮೂರೂ ಸರಿಯಿದ್ದ ಮಾತ್ರಕ್ಕೆ ಲಕ್ವ ಅಲ್ಲವೇ ಅಲ್ಲ ಎಂದೂ ಅಲ್ಲ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಂಡರೆ ಮುಖ, ಕೈ, ಮಾತು ಮೂರೂ ನೆಟ್ಟಗಿದ್ದು, ಮನುಷ್ಯ ಮಾತ್ರ ಗೋಡೆ ಹಿಡಿದು ತೂರಾಡುತ್ತಾನೆ. ಒಂದು ವಸ್ತು ಎರಡಾಗಿ ಕಾಣುತ್ತದೆ, ವಾಂತಿಯಾಗುತ್ತದೆ, ಲೋಕವೇ ಗಿರ್ರನೆ ತಿರುಗುತ್ತದೆ. ‘ಪಿತ್ತ ಕೆರಳಿದೆ, ನಿಂಬೆಹಣ್ಣಿನ ಪಾನಕ ಕೊಡಿ’ ಎಂದು ಮಲಗಿಸಿಬಿಡುವ ಪ್ರಕರಣಗಳು ಇವೇ. ಹಾಗಾಗಿ ಈಚೆಗೆ ಪರೀಕ್ಷೆಗೆ ಸಮತೋಲ, ಕಣ್ಣು ಇವೆರಡನ್ನೂ ಸೇರಿಸಿದ್ದಾರೆ. ಒಂದು ಕಣ್ಣಿಗೆ ಪರದೆ ಎಳೆದಂತಾಗುವುದು, ನೋಟದ ಅರ್ಧ ಭಾಗವೇ ಮಾಯವಾಗುವುದು ಕೂಡ ಎಚ್ಚರಿಕೆಯೇ. ರಕ್ತನಾಳ ಒಡೆದಾಗ ಜೀವಮಾನದಲ್ಲಿ ಕಂಡಿರದಂಥ ತಲೆನೋವು ಸಿಡಿಲಿನಂತೆ ಎರಗಬಹುದು. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಭಾವಚಿತ್ರಕ್ಕೆ ಕೂತಿದ್ದಾಗಲೇ ತಲೆಯ ಹಿಂಭಾಗ ಹಿಡಿದುಕೊಂಡು ಕುಸಿದದ್ದು ಹೀಗೆ. ಅದಕ್ಕೆ ವರ್ಷದ ಹಿಂದೆಯೇ ಅವರ ರಕ್ತದೊತ್ತಡ 186/108 ಇತ್ತು.

ಬಲ ಮೆದುಳಿನ ಲಕ್ವವನ್ನು ಊಟದ ಎಲೆಯ ಮುಂದೆ ಹಿಡಿಯಬಹುದು. ಎಡಗಡೆ ಎಂಬ ದಿಕ್ಕೇ ಅವರ ಪಾಲಿಗೆ ಇಲ್ಲವಾಗಿರುತ್ತದೆ. ಎಲೆಯ ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಮುಟ್ಟದೇ ಉಳಿಯುತ್ತವೆ, ಎಡಗೈ ತೋಳಿಗೆ ಅಂಗಿ ಏರಿರುವುದಿಲ್ಲ, ಎಡಗಡೆಯಿಂದ ಮಾತಾಡಿಸಿದವರಿಗೆ ಅವರು ಬಲಕ್ಕೆ ತಿರುಗಿ ಉತ್ತರಿಸುತ್ತಾರೆ. ಫೋನಿನಲ್ಲೂ ಸುಳಿವು ಸಿಗುತ್ತದೆ. ದಿನವೂ ನೆಟ್ಟಗೆ ಸಂದೇಶ ಕಳಿಸುವವರಿಂದ ಅರ್ಥವಿಲ್ಲದ ಅಕ್ಷರಗಳ ಸಾಲು ಬಂದರೆ ಬೆರಳು ತಪ್ಪಿದೆ ಎಂದು ನಗುವ ಬದಲು ಕರೆ ಮಾಡಿ ದನಿ ಕೇಳುವುದು ಲೇಸು. ಬೆಂಗಳೂರಿನ ಜೆರೋಧಾ ಕಂಪನಿಯ ನಿತಿನ್ ಕಾಮತ್ ತಮಗೆ ಸಣ್ಣ ಪ್ರಮಾಣದ ಸ್ಟ್ರೋಕ್ ಆಗಿತ್ತೆಂದು 2024ರ ಫೆಬ್ರುವರಿಯಲ್ಲಿ ಬಹಿರಂಗವಾಗಿ ಬರೆದಾಗ, ಮುಖ ಜೋತುಬಿದ್ದುದರ ಜೊತೆಗೆ ಓದಲು ಬರೆಯಲು ಆಗದೆ ಹೋದದ್ದನ್ನೂ ಹೇಳಿದ್ದರು. ಅವರಿನ್ನೂ ನಡುವಯಸ್ಸಿನವರು, ವ್ಯಾಯಾಮ ಬಿಡದವರು. ‘ಇಷ್ಟು ಚಿಕ್ಕವರಿಗೆ ಲಕ್ವ ಎಲ್ಲಿಂದ ಬರಬೇಕು’ ಎಂಬ ಮಾತಿಗೆ ಆ ಪ್ರಕರಣವೇ ಉತ್ತರ.

ಕಣ್ಣಿಗೆ ಬಿದ್ದ ಮೇಲೂ ಹೊತ್ತು ಕಳೆಯುವುದು ಒಂದು ಸಮಾಧಾನದ ಮಾತಿನಿಂದ. ನಿದ್ದೆಗೆಟ್ಟಿದ್ದಾರೆ, ಬಿಸಿಲು ತಾಗಿದೆ, ಗ್ಯಾಸ್ಟ್ರಿಕ್ ಇರಬೇಕು, ಕೈ ಮೇಲೆ ಮಲಗಿದ್ದರು ಅದಕ್ಕೇ ಜೋಮು, ಗಾಳಿ ಸೋಕಿದೆ. ಚರ್ಚಿಲ್‌ಗೆ ಮದ್ಯ ಹೇಗೋ ನಮ್ಮ ಮನೆಗಳಿಗೆ ಇವು ಹಾಗೆ. ಎಲ್ಲವೂ ನಂಬುವಂತೆಯೇ ಇರುವುದರಿಂದ ಯಾವುದನ್ನೂ ವಾದ ಮಾಡಿ ಗೆಲ್ಲಲಾಗುವುದಿಲ್ಲ. ಕೈ ಎತ್ತಿಸಿ, ನಗಿಸಿ ನೋಡುವುದೊಂದೇ ದಾರಿ, ಅದಕ್ಕೆ ಒಂದು ನಿಮಿಷ ಸಾಕು.

ಗುರುತಿಸಿದ್ದು ತಪ್ಪಾದರೆ? ಆಗಲಿ. 2011ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗ್ರ್ಯಾಮಿ ಪ್ರಶಸ್ತಿ ಸಮಾರಂಭದ ಹೊರಗಿನಿಂದ ನೇರ ವರದಿ ಮಾಡುತ್ತಿದ್ದ ಸೆರೀನ್ ಬ್ರಾನ್ಸನ್ ಎಂಬ ಟಿವಿ ವರದಿಗಾರ್ತಿಯ ಬಾಯಿಂದ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಶಬ್ದಗಳು ಬಂದವು. ನೋಡಿದವರೆಲ್ಲ ಸ್ಟ್ರೋಕ್ ಎಂದರು. ವೈದ್ಯರು ಪರೀಕ್ಷಿಸಿ ಅದು ಮೈಗ್ರೇನಿನ ಒಂದು ಬಗೆ ಎಂದರು. ಸಕ್ಕರೆ ಪ್ರಮಾಣ ತೀರಾ ಇಳಿದಾಗಲೂ, ಮುಖದ ನರವೊಂದೇ ಸೋತಾಗಲೂ, ಫಿಟ್ಸ್ ಬಂದುಹೋದ ಮೇಲೂ ಲಕ್ವದಂಥ ಚಿಹ್ನೆಗಳು ಕಾಣುತ್ತವೆ. ಯಾವುದು ಯಾವುದೆಂದು ಬೇರ್ಪಡಿಸುವುದು ಆಸ್ಪತ್ರೆಯ ಕೆಲಸ, ಜಗಲಿಯ ಮೇಲಿನ ಚರ್ಚೆಯದಲ್ಲ.

ತಪ್ಪು ಎಚ್ಚರಿಕೆಗಿಂತ ಅಪಾಯಕಾರಿ ಇನ್ನೊಂದಿದೆ. ಮಾತು ಹತ್ತು ನಿಮಿಷ ತೊದಲಿ ಮತ್ತೆ ಸರಿಹೋಗುತ್ತದೆ, ಸೋತ ಕೈ ಮತ್ತೆ ಲೋಟ ಹಿಡಿಯುತ್ತದೆ. ಮನೆಯವರು ದೇವರಿಗೆ ತುಪ್ಪದ ದೀಪ ಹಚ್ಚಿ ಸುಮ್ಮನಾಗುತ್ತಾರೆ. ಹೆಪ್ಪು ತಾನಾಗಿ ಕರಗಿ ದಾರಿ ಬಿಟ್ಟ ಸಣ್ಣ ಲಕ್ವ ಅದು. ದೊಡ್ಡದು ಹಿಂದೆಯೇ ಬರುವ ಸಂಭವ ಮುಂದಿನ ಎರಡು ದಿನಗಳಲ್ಲೇ ಅತಿ ಹೆಚ್ಚು. ಸರಿಹೋಗಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ ಇದು.

ಆಂಬುಲೆನ್ಸಿಗಾಗಿ ಕಾಯುವ ಹೊತ್ತಿನಲ್ಲಿ ಮಾಡಬಾರದ್ದರ ಪಟ್ಟಿ ನಮ್ಮಲ್ಲಿ ಉದ್ದವಿದೆ. ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬಾರದು. ನುಂಗುವ ಸ್ನಾಯುಗಳೂ ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಆಸ್ಪಿರಿನ್ ಕೊಡುತ್ತಾರೆಂದು ಕೇಳಿದವರು ಇಲ್ಲೂ ಕೊಡಲು ಹೋಗುತ್ತಾರೆ. ಒಳಗೆ ರಕ್ತ ಸೋರುತ್ತಿದ್ದರೆ ಆ ಮಾತ್ರೆ ಸೋರಿಕೆಯನ್ನು ಹೆಚ್ಚಿಸುತ್ತದೆ, ಸೋರುತ್ತಿದೆಯೋ ಕಟ್ಟಿದೆಯೋ ಸ್ಕ್ಯಾನ್ ಮಾಡದೆ ಯಾರಿಗೂ ತಿಳಿಯದು. ಬಿಪಿ ಏರಿದೆಯೆಂದು ಮನೆಯಲ್ಲಿದ್ದ ಮಾತ್ರೆ ಕೊಟ್ಟು ಇಳಿಸುವುದೂ ತಪ್ಪು. ಕಾದಿರುವ ಮೆದುಳಿಗೆ ಅಷ್ಟಿಷ್ಟು ರಕ್ತ ತಲುಪುತ್ತಿರುವುದೇ ಆ ಒತ್ತಡದಿಂದ ಇರಬಹುದು. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಲಕ್ವ ಇಳಿಯುತ್ತದೆಂಬ ವಾಟ್ಸಾಪ್ ಸಂದೇಶ ವರ್ಷಗಳಿಂದ ಸುತ್ತುತ್ತಲೇ ಇದೆ, ಅದು ಶುದ್ಧ ಸುಳ್ಳು. ಪಾರಿವಾಳದ ರಕ್ತ ಸವರುವ ಪದ್ಧತಿಯೂ ಕೆಲವೆಡೆ ಇದೆ. ತೈಲ ಹಚ್ಚಿ ಉಜ್ಜುವುದರ ಬಗ್ಗೆ ಬೇಕಾದರೆ ವಾರ ಕಳೆದ ಮೇಲೆ ಮಾತಾಡಿಕೊಳ್ಳಲಿ. ಮೊದಲ ಗಂಟೆಗಳಲ್ಲಿ ನಾಟಿ ವೈದ್ಯರ ಊರಿಗೆ ಕಾರು ತಿರುಗಿಸುವುದೆಂದರೆ ಕೈಯಲ್ಲಿದ್ದ ಔಷಧವನ್ನು ಬಿಟ್ಟುಕೊಟ್ಟಂತೆ.

ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ ಆರೋಗ್ಯ ಕವಚ ಹೆಸರಿನ ಈ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ‘ಹುಷಾರಿಲ್ಲ’ ಎನ್ನುವ ಬದಲು ‘ಸ್ಟ್ರೋಕ್ ಇರಬಹುದು’ ಎಂದೇ ಹೇಳಬೇಕು. ಎಲ್ಲಿಗೆ ಹೋಗಬೇಕೆಂಬುದೂ ಮುಖ್ಯ. ಪರಿಚಯದ ಡಾಕ್ಟರ ಕ್ಲಿನಿಕ್ಕು, ಅಲ್ಲಿಂದ ನರ್ಸಿಂಗ್ ಹೋಮು, ಅಲ್ಲಿಂದ ಪಟ್ಟಣ ಎಂದು ಮೆಟ್ಟಿಲು ಹತ್ತುತ್ತಾ ಹೋದರೆ ಗಡುವು ದಾರಿಯಲ್ಲೇ ಮುಗಿಯುತ್ತದೆ. ಹಗಲು ರಾತ್ರಿ ಸಿಟಿ ಸ್ಕ್ಯಾನ್ ಇರುವ, ಹೆಪ್ಪು ಕರಗಿಸುವ ಔಷಧ ಕೊಡುವ ಆಸ್ಪತ್ರೆ ತಮ್ಮೂರಿಗೆ ಹತ್ತಿರ ಯಾವುದೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು. ಬಿಪಿ, ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಂತೂ ಇದು ಬಿಡುವಂಥದ್ದಲ್ಲ. ಮಕ್ಕಳು ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇದ್ದು, ಮೈಸೂರಿನಲ್ಲಿ ತಂದೆತಾಯಿ ಇಬ್ಬರೇ ಇರುವ ಮನೆಗಳ ಲೆಕ್ಕ ಬೇರೆ. ವಿಡಿಯೊ ಕರೆಯಲ್ಲಿ ಅಮ್ಮನ ಬಾಯಿ ವಾರೆಯಾದದ್ದು ಮಗಳಿಗೆ ಕಂಡರೂ ಅಲ್ಲಿಂದ 108 ಒತ್ತಿದರೆ ಇಲ್ಲಿಗೆ ತಾಗುವುದಿಲ್ಲ. ಅಂಥವರ ಫೋನಿನಲ್ಲಿ ಬಂಧುಗಳಿಗಿಂತ ಮೊದಲು ಪಕ್ಕದ ಮನೆಯವರ ನಂಬರು ಇರಬೇಕು.

ಹೊತ್ತಿಗೆ ಸರಿಯಾಗಿ ತಲುಪಿದವರ ಉದಾಹರಣೆಯೂ ಇಲ್ಲಿಯದೇ ಇದೆ. 2023ರ ಆಗಸ್ಟ್ 30ರ ನಸುಕಿನಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬೆಂಗಳೂರಿನ ಆಸ್ಪತ್ರೆ ಸೇರಿದರು. ಕೆಲವು ದಿನಗಳ ನಂತರ ಮನೆಗೆ ಮರಳುವಾಗ ಪತ್ರಕರ್ತರ ಮುಂದೆ ತಮಗಾದದ್ದು ಸ್ಟ್ರೋಕ್ ಎಂದು ಹೇಳಿಕೊಂಡು, ಇಂಥ ಲಕ್ಷಣ ಕಂಡವರು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕೆಂದು ಕೇಳಿಕೊಂಡರು.

ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಇರುವುದು ಜೊತೆಗೆ ಬಂದವರ ಬಳಿ: ಇವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಬಿದ್ದದ್ದು ಯಾವಾಗ ಎಂದಲ್ಲ, ಸರಿಯಾಗಿದ್ದದ್ದು ಯಾವಾಗ ಎಂದು. ನಾಲ್ಕೂವರೆ ಗಂಟೆಯ ಎಣಿಕೆ ಶುರುವಾಗುವುದು ಅಲ್ಲಿಂದ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯೂ ಜೊತೆಗಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ಅದರಲ್ಲಿದ್ದರೆ ಚಿಕಿತ್ಸೆಯ ದಾರಿಯೇ ಬದಲಾದೀತು. ಕಷ್ಟವಿರುವುದು ಬೆಳಿಗ್ಗೆ ಏಳುವಾಗಲೇ ಕೈ ಬಿದ್ದಿರುವವರದು. ರಾತ್ರಿ ಹತ್ತಕ್ಕೆ ಮಲಗಿ ಆರಕ್ಕೆ ಎದ್ದರೆ ಲೆಕ್ಕ ಹತ್ತರಿಂದಲೇ ಹಿಡಿಯಬೇಕಾಗುತ್ತದೆ, ಗಡುವು ಮುಗಿದಂತೆ ಕಾಣುತ್ತದೆ. ಇಂಥವರಲ್ಲೂ ಎಂಆರ್‌ಐ ನೋಡಿ ಕೆಲವರಿಗೆ ಔಷಧ ಕೊಡಬಹುದೆಂದು, ದೊಡ್ಡ ನಾಳ ಕಟ್ಟಿಕೊಂಡ ಕೆಲವರಲ್ಲಿ 24 ಗಂಟೆಯವರೆಗೂ ಹೆಪ್ಪು ತೆಗೆಯಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಆ ಸೌಲಭ್ಯ ಎಲ್ಲ ಊರಿನಲ್ಲೂ ಇಲ್ಲ. ಆದರೆ ನಾಲ್ಕು ಗಂಟೆಗೆ ಬಚ್ಚಲಿಗೆ ಎದ್ದವರು ‘ಇನ್ನೂ ಬೆಳಗಾಗಿಲ್ಲ, ಮಲ್ಕೋ’ ಎಂದು ಸ್ಪಷ್ಟವಾಗಿ ಹೇಳಿ ಮತ್ತೆ ಮಲಗಿದ್ದು ಹೆಂಡತಿಗೆ ನೆನಪಿದ್ದು, ಅದನ್ನು ಅವರು ಡಾಕ್ಟರಿಗೆ ಹೇಳಿದರೆ, ಎಣಿಕೆ ಹತ್ತರಿಂದ ನಾಲ್ಕಕ್ಕೆ ಸರಿಯುತ್ತದೆ.